ಕುಸ್ವಾರ್ ಡಬ್ಬಿಯ ಲೆಕ್ಕ: ಮನೆ ಬೇಕರಿಯವರ ಡಿಸೆಂಬರ್

ಮಂಗಳೂರಿನ ಕುಲಶೇಖರದಿಂದ ಉಡುಪಿ ಬಳಿಯ ಕಲ್ಯಾಣಪುರದವರೆಗೆ, ಡಿಸೆಂಬರಿನಲ್ಲಿ ಮನೆಯಲ್ಲೇ ಬಿಸ್ಕತ್ತು, ಕುಸ್ವಾರ್ (ಕ್ರಿಸ್ಮಸ್ಸಿಗೆ ಹಂಚುವ ಬಗೆಬಗೆಯ ತಿಂಡಿ) ಮಾಡಿ ಮಾರುವವರ ಫೋನಿಗೆ ಬಿಡುವೇ ಇರುವುದಿಲ್ಲ. ಆರ್ಡರ್ ಇಲ್ಲವೆಂಬ ದೂರು ಅಪರೂಪ. ಆದರೆ ಹಬ್ಬ ಕಳೆದು ಪುಸ್ತಕ ತೆರೆದರೆ ಬೆಣ್ಣೆ, ಗೋಡಂಬಿಯ ಬಿಲ್ಲು ಕಳೆದು ಉಳಿದದ್ದು ಅಷ್ಟಕ್ಕಷ್ಟೆ. ಹೆಚ್ಚಿನವರು ಎಡವುವುದು ಎರಡೇ ಕಡೆ: ಆಗುವುದಕ್ಕಿಂತ ಹೆಚ್ಚು ಆರ್ಡರ್ ಹಿಡಿಯುತ್ತಾರೆ, ಪಕ್ಕದ ಬೀದಿಯವರ ದರ ನೋಡಿ ತಮ್ಮ ದರ ಇಡುತ್ತಾರೆ. ಎರಡನ್ನೂ ನವೆಂಬರಿನಲ್ಲೇ ಸರಿಮಾಡಿಕೊಳ್ಳಬಹುದು.

ಮೊದಲು ಓವನ್ ಅಳೆಯಿರಿ

40 ಲೀಟರಿನ ಸಾಮಾನ್ಯ ಒಟಿಜಿಯ (ಮನೆ ಬಳಕೆಯ ಚಿಕ್ಕ ಕರೆಂಟ್ ಓವನ್) ಒಂದು ಟ್ರೇಯಲ್ಲಿ 15 ಗ್ರಾಂ ಉಂಡೆಯ 20 ಬಿಸ್ಕತ್ತು ಕೂರುತ್ತದೆ. 160 ಡಿಗ್ರಿಯಲ್ಲಿ 18 ನಿಮಿಷ ಬೇಯಲು. ಟ್ರೇ ತೆಗೆದು, ಇಟ್ಟು, ಓವನ್ ಮತ್ತೆ ಕಾಯಲು ಇನ್ನೊಂದು ಏಳೆಂಟು ನಿಮಿಷ. ಒಂದು ಟ್ರೇಗೆ 25 ನಿಮಿಷ ಹಿಡಿದರೆ ಆರು ಗಂಟೆಯಲ್ಲಿ 14 ಟ್ರೇ, ಅಂದರೆ 280 ಬಿಸ್ಕತ್ತು. ಬೆಂದ ಮೇಲೆ ಒಂದೊಂದು 13 ಗ್ರಾಂ. ಒಟ್ಟು ಮೂರೂವರೆ ಕಿಲೋ ಚಿಲ್ಲರೆ, ಕಾಲು ಕಿಲೋದ 14 ಪ್ಯಾಕೆಟ್. ದಿನಕ್ಕೆ ಅಷ್ಟೇ. ಮೇಲೆ ಕೆಳಗೆ ಎರಡು ಟ್ರೇ ಇಟ್ಟು ದುಪ್ಪಟ್ಟು ಮಾಡುತ್ತೇನೆಂದರೆ ಚಿಕ್ಕ ಒಟಿಜಿಯಲ್ಲಿ ಕೆಳಗಿನದ್ದು ತಳ ಸೀಯುತ್ತದೆ, ಮೇಲಿನದ್ದು ಹಸಿ ಉಳಿಯುತ್ತದೆ. ಫ್ಯಾನ್ ಇರುವ ಓವನ್ ಆದರೆ ನಡುವೆ ಟ್ರೇ ಅದಲುಬದಲು ಮಾಡಿ ನೋಡಬಹುದು.

ಈ ಸಂಖ್ಯೆಯನ್ನು ಕೆಲಸದ ದಿನಗಳಿಂದ ಗುಣಿಸಿ, ಅದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. ಕರೆಂಟು ಹೋಗುವುದು, ಮಕ್ಕಳಿಗೆ ಜ್ವರ, ಎಲ್ಲ ಅದರಲ್ಲಿ ಬಂತು. ಉಳಿದದ್ದೇ ನೀವು ಹಿಡಿಯಬಹುದಾದ ಆರ್ಡರ್. ಓವನ್ ತುಂಬಿದ ಮೇಲೂ ಆದಾಯ ಏರಬೇಕಿದ್ದರೆ ಒಲೆಯ ಕಡೆ ನೋಡಬೇಕು. ಚಕ್ಕುಲಿ, ತುಕ್ಡಿ, ನೆವ್ರಿ (ಕರ್ಜಿಕಾಯಿ), ರೋಸ್ ಕುಕ್ಕೀಸ್ (ಅಚ್ಚಿನಲ್ಲಿ ಅದ್ದಿ ಕರಿಯುವ ಹೂವಿನಾಕಾರದ ತಿಂಡಿ) ಎಲ್ಲ ಬಾಣಲೆಯವು. ಓವನ್ ತನ್ನ ಪಾಡಿಗೆ ನಡೆಯುತ್ತಿರುವಾಗಲೇ ಇವೂ ನಡೆಯುತ್ತವೆ. ಬರೀ ಬಿಸ್ಕತ್ತಿಗಿಂತ ಕುಸ್ವಾರ್ ಡಬ್ಬಿಯಲ್ಲಿ ದುಡ್ಡು ಇರುವುದು ಇದಕ್ಕೇ.

ಒಂದು ಕಿಲೋದ ಅಸಲು

ಗೋಡಂಬಿ ಬಿಸ್ಕತ್ತಿನ ಒಂದು ಹದ ಹೀಗಿದೆ: ಮೈದಾ 500 ಗ್ರಾಂ, ಬೆಣ್ಣೆ 300, ಸಕ್ಕರೆ ಪುಡಿ 225, ಗೋಡಂಬಿ ತರಿ 125, ಚಿಟಿಕೆ ಉಪ್ಪು, ಏಲಕ್ಕಿ. 1,150 ಗ್ರಾಂ ಹಿಟ್ಟು ಬೆಂದು ಒಂದು ಕಿಲೋಗೆ ಇಳಿಯುತ್ತದೆ. ಲೆಕ್ಕಕ್ಕಾಗಿ ಬೆಣ್ಣೆ ಕಿಲೋಗೆ 600, ಗೋಡಂಬಿ 900, ಮೈದಾ ಮತ್ತು ಸಕ್ಕರೆ 50 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಅಂಗಡಿಯ ದರ ನೀವು ಹಾಕಿಕೊಳ್ಳಿ. ಏಲಕ್ಕಿ, ಟ್ರೇಗೆ ಹಾಸುವ ಕಾಗದ ಸೇರಿ ಸಾಮಾನಿಗೆ 340. ಕರೆಂಟಿಗೆ 20. ನಾಲ್ಕು ಪ್ಯಾಕೆಟ್, ಲೇಬಲ್‌ಗೆ 60. ಒಡೆದು ಹೋದದ್ದಕ್ಕೆ ನೂರಕ್ಕೆ ಐದರಂತೆ 21. ಇಲ್ಲಿಗೆ 441. ಹಲವರ ಲೆಕ್ಕ ಇಲ್ಲೇ ನಿಲ್ಲುತ್ತದೆ, 550ಕ್ಕೆ ಮಾರಿ ನೂರು ರೂಪಾಯಿ ಲಾಭ ಅನ್ನುತ್ತಾರೆ. ಎರಡು ಗಂಟೆಯ ಕೂಲಿ, ಗಂಟೆಗೆ ನೂರರಂತೆ ಸೇರಿಸಿದರೆ 641. ಆ 550ರ ಮಾರಾಟದಲ್ಲಿ ನಿಮ್ಮ ಕೂಲಿಯ ಹೆಚ್ಚುಕಡಿಮೆ ಅರ್ಧ ಬಿಟ್ಟಿ ಹೋಯಿತು. ಅಸಲಿನ ಮೇಲೆ ನೂರಕ್ಕೆ 25 ಇಟ್ಟರೆ ಕಿಲೋಗೆ 800, ಕಾಲು ಕಿಲೋಗೆ 200.

ಈ 200ರಲ್ಲಿ ನಿಜವಾದ ಲಾಭ 40. "ಸ್ವಲ್ಪ ಕಮ್ಮಿ ಮಾಡಿ ಬಾಯಿ" ಎಂದು ಕೇಳಿದವರಿಗೆ ನೂರಕ್ಕೆ ಹತ್ತು ಬಿಟ್ಟರೆ ಹೋಗುವುದು 20 ರೂಪಾಯಿ, ಲಾಭದ ಸರಿಯಾಗಿ ಅರ್ಧ. ಕಚೇರಿಗೋ ಆಸ್ಪತ್ರೆಗೋ 25 ಡಬ್ಬಿ ಒಟ್ಟಿಗೆ ಹೋಗುವುದಾದರೆ ನಿಮಗೆ ಉಳಿತಾಯವಾಗುವುದು ಓಡಾಟದ ಖರ್ಚು ಮಾತ್ರ. ಬಿಡುವುದಾದರೆ ಅಷ್ಟನ್ನೇ ಬಿಡಿ. ಅಂಥ ಆರ್ಡರನ್ನು ನವೆಂಬರ್ ಒಳಗೆ, ಅರ್ಧ ಮುಂಗಡದೊಂದಿಗೆ ಹಿಡಿಯಬೇಕು. ಡಿಸೆಂಬರ್ 20ಕ್ಕೆ ಬರುವ ದೊಡ್ಡ ಆರ್ಡರ್ ಹಳೇ ಗಿರಾಕಿಗಳ ಡಬ್ಬಿಯನ್ನೇ ಕಿತ್ತುಕೊಳ್ಳುತ್ತದೆ.

ಕಿಡಿಯೋಗೆ ತುಕ್ಡಿಯ ದರ ಬೇಡ

ಕುಸ್ವಾರನ್ನು ಒಂದೇ ದರದಲ್ಲಿ ತೂಗಿ ಕೊಡುವುದು ನಮ್ಮಲ್ಲಿ ಹಳೇ ರೂಢಿ, ಹಳೇ ನಷ್ಟವೂ ಹೌದು. ತುಕ್ಡಿಯಾದರೆ ಹಿಟ್ಟು ಲಟ್ಟಿಸಿ ಶಂಕರಪೋಳಿಯಂತೆ ಕತ್ತರಿಸಿ ಎಣ್ಣೆಗೆ ಬಿಟ್ಟರಾಯಿತು, ಮುಕ್ಕಾಲು ಗಂಟೆಗೆ ಒಂದು ಕಿಲೋ. ಸಕ್ಕರೆ ಪಾಕ ಹಿಡಿಸಿದ ಪುಟ್ಟ ಸುರುಳಿ ತಿಂಡಿ ಕಿಡಿಯೋ ಹಾಗಲ್ಲ. ಒಂದೊಂದು ಐದು ಗ್ರಾಂ, ಕಿಲೋಗೆ ಇನ್ನೂರು. ಮುಳ್ಳುಚಮಚದ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡಲು ಪಳಗಿದ ಕೈಗೂ ಒಂದಕ್ಕೆ 15 ಸೆಕೆಂಡು ಬೇಕು. ಸುತ್ತುವುದಕ್ಕೇ 50 ನಿಮಿಷ ಆಯಿತು. ಕಲಸುವುದು, ಕರಿಯುವುದು, ಪಾಕ ಸೇರಿ ಒಂದೂಮುಕ್ಕಾಲು ಗಂಟೆ. ಕೂಲಿಯಲ್ಲೇ ಕಿಲೋಗೆ ನೂರು ರೂಪಾಯಿ ವ್ಯತ್ಯಾಸ. ಬಿಡಿಯಾಗಿ ಮಾರುವಾಗ ಅಷ್ಟು ಹೆಚ್ಚಿಗೆ ಹಾಕಿ. ಡಬ್ಬಿಯಲ್ಲಾದರೆ ತೂಕ ಹಂಚುವಾಗ ಜಾಣತನ ಬೇಕು.

ಅರ್ಧ ಕಿಲೋ ಡಬ್ಬಿಗೆ ಹೊಂದುವ ಒಂದು ಹಂಚಿಕೆ: ತುಕ್ಡಿ 150 ಗ್ರಾಂ, ಬಿಸ್ಕತ್ತು 100, ಚಕ್ಕುಲಿ 100, ಕಿಡಿಯೋ 60, ನೆವ್ರಿ ಎರಡು, ರೋಸ್ ಕುಕ್ಕೀಸ್ ನಾಲ್ಕು. ರೋಸ್ ಕುಕ್ಕೀಸ್ ನಾಲ್ಕೂ ಸೇರಿ 40 ಗ್ರಾಂ ಅಷ್ಟೇ ಇದ್ದರೂ ಡಬ್ಬಿ ತೆರೆದವರ ಕಣ್ಣಿಗೆ ಮೊದಲು ಕಾಣುವುದು ಅವೇ. ಹಾಗಾಗಿ ಅವು ಮೇಲೆ. ಚಕ್ಕುಲಿಯ ಖಾರ, ಇಂಗಿನ ವಾಸನೆ ಬಿಸ್ಕತ್ತಿಗೆ ಹತ್ತದಂತೆ ಅದಕ್ಕೆ ಬೇರೆ ಪೊಟ್ಟಣ. ಪ್ಲಮ್ ಕೇಕಿನ ತುಂಡನ್ನು ಇದೇ ಡಬ್ಬಿಗೆ ಹಾಕಲೇಬೇಡಿ. ಕೇಕಿನ ತೇವ ಎರಡೇ ದಿನದಲ್ಲಿ ಗರಿಗರಿಯಾದದ್ದನ್ನೆಲ್ಲ ಮೆತ್ತಗೆ ಮಾಡುತ್ತದೆ.

ಹಾಳಾಗುವುದು ಎಲ್ಲಿ

ರೋಸ್ ಕುಕ್ಕೀಸ್‌ನಲ್ಲಿ ಕೆಡುವುದೆಲ್ಲ ಅಚ್ಚಿನ ಶಾಖದಿಂದ. ಹೊಸ ಕಬ್ಬಿಣದ ಅಚ್ಚನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಿ. ಕಾದ ಎಣ್ಣೆಯಲ್ಲಿ ಎರಡು ನಿಮಿಷ ಇಟ್ಟು, ಎತ್ತಿ, ಎಣ್ಣೆ ಜಾಡಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಚುಂಯ್ ಎಂದರೆ ಹದ. ಸದ್ದಿಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಹತ್ತುವುದಿಲ್ಲ. ಹೆಚ್ಚು ಕಾದಿದ್ದರೆ ಹಿಟ್ಟು ಅಲ್ಲೇ ಬೆಂದು ಪಾತ್ರೆಗೇ ಜಾರುತ್ತದೆ. ಅಚ್ಚಿನ ಮೇಲಂಚು ದಾಟಿ ಹಿಟ್ಟು ಹತ್ತಿತೋ, ಎಷ್ಟು ಅಲ್ಲಾಡಿಸಿದರೂ ಹೂ ಬಿಡುವುದಿಲ್ಲ, ಚಾಕುವಿನಲ್ಲಿ ಕಿತ್ತು ಮನೆಯವರೇ ತಿನ್ನಬೇಕು. ಎರಡು ಅಚ್ಚು ಇಟ್ಟುಕೊಂಡು ಒಂದು ಎಣ್ಣೆಯಲ್ಲಿರುವಾಗ ಇನ್ನೊಂದನ್ನು ಅದ್ದಿದರೆ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಕಿಡಿಯೋದ ಪಾಕ ಒಂದೆಳೆಯಲ್ಲಿ ನಿಂತರೆ ಕರಾವಳಿಯ ಗಾಳಿಗೆ ಅಂಟಂಟಾಗುತ್ತದೆ. ಎರಡೆಳೆಗೆ ಬರಲಿ, ಕಿಡಿಯೋ ಹಾಕಿದ ಮೇಲೆ ಸಕ್ಕರೆ ಬೆಳ್ಳಗೆ ಹರಳುಗಟ್ಟುವವರೆಗೆ ಕೈಯಾಡಿಸಿ. ನೆವ್ರಿಗೆ ಹಸಿ ತೆಂಗಿನತುರಿ ತುಂಬಿದರೆ ಬೇಗ ಹಳಸುತ್ತದೆ. ಮಾರಾಟಕ್ಕೆ ಒಣಕೊಬ್ಬರಿ, ಹುರಿದ ಎಳ್ಳು ಒಳ್ಳೆಯದು. ಅಂಚು ಬಿಟ್ಟ ಒಂದು ನೆವ್ರಿ ಇಡೀ ಬಾಣಲೆಯ ಎಣ್ಣೆಯನ್ನು ಕಪ್ಪು ಮಾಡುತ್ತದೆ. ಅದಕ್ಕೇ ನೆವ್ರಿ ಕೊನೆಯ ಸರದಿಗೆ.

ತೆಂಗಿನೆಣ್ಣೆಯಲ್ಲಿ ಕರಿದದ್ದರ ರುಚಿಯೇ ಬೇರೆ, ನಿಜ. ಆದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಡಬ್ಬಿ ತೆರೆದವರಿಗೆ ತಿಂಡಿಯ ಮೇಲೆ ಬಿಳಿ ಪದರ ಕಾಣುತ್ತದೆ, ಬೂಸಲು ಬಂದಿದೆ ಎಂದು ಫೋಟೋ ಕಳಿಸುತ್ತಾರೆ. ಘಟ್ಟ ಹತ್ತುವ ಡಬ್ಬಿಗೆ ಸೂರ್ಯಕಾಂತಿ ಎಣ್ಣೆ, ಊರಿನವಕ್ಕೆ ತೆಂಗಿನೆಣ್ಣೆ ಎಂದು ಎರಡು ಸರದಿ ಮಾಡಿಕೊಳ್ಳಿ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ವಾರದಲ್ಲೇ ಕಮಟು ವಾಸನೆ.

ಕರಿದದ್ದಿರಲಿ, ಬೇಯಿಸಿದ್ದಿರಲಿ, ಪೂರ್ತಿ ಆರದೆ ಡಬ್ಬಿಗೆ ಹಾಕಬಾರದು, ಒಳಗೆ ಬೆವರುತ್ತದೆ. ಹಾಗೆಂದು ರಾತ್ರಿಯಿಡೀ ತೆರೆದಿಡುವಂತೆಯೂ ಇಲ್ಲ, ನಮ್ಮ ಗಾಳಿ ಬಿಡುವುದಿಲ್ಲ. ಒಂದು ಗಂಟೆ ಜಾಲರಿಯ ಮೇಲೆ, ಆಮೇಲೆ ನೇರ ಗಾಳಿಯಾಡದ ಡಬ್ಬಿಗೆ. ಮೆತ್ತಗಾದ ಬಿಸ್ಕತ್ತು 150 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟರೆ ಮತ್ತೆ ಗರಿಗರಿಯಾಗುತ್ತದೆ.

ದಿನಾಂಕಗಳು

ನವೆಂಬರ್ ಮೊದಲ ವಾರ ದರಪಟ್ಟಿ, ಲೇಬಲ್, ಫೋಟೋ. 15ರಿಂದ ಆರ್ಡರ್, ಕಳೆದ ವರ್ಷದ ಗಿರಾಕಿಗಳಿಗೆ ಮೊದಲ ಸಂದೇಶ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಪುಸ್ತಕಕ್ಕೆ ಇಳಿಸಿ. ಮುಂಗಡ ಬಾರದ ಹೆಸರು ಪುಸ್ತಕಕ್ಕೆ ಹೋಗಬಾರದು. ನವೆಂಬರ್ ಕೊನೆಗೆ ಬಿಸ್ಕತ್ತಿನ ಹಿಟ್ಟನ್ನು ಕೊಳವೆಯಂತೆ ಸುತ್ತಿ ಫ್ರೀಜರಿಗೆ ಹಾಕಿಟ್ಟರೆ ಡಿಸೆಂಬರಿನಲ್ಲಿ ಕತ್ತರಿಸಿ ಬೇಯಿಸಿದರಾಯಿತು. ಒಂದೇ ಎಚ್ಚರ: ನಮ್ಮ ಫ್ರೀಜರುಗಳಲ್ಲಿ ಬಂಗುಡೆಯೂ ಇರುತ್ತದೆ, ಬೆಣ್ಣೆ ವಾಸನೆಯನ್ನು ಹೀರುತ್ತದೆ. ಎರಡು ಸುತ್ತು ಪ್ಲಾಸ್ಟಿಕ್, ಮೇಲೊಂದು ಮುಚ್ಚಳದ ಡಬ್ಬಿ. ಆ ತಿಂಗಳು ಮೀನಿಗೆ ಬೇರೆ ಜಾಗ ಹುಡುಕಿದರೆ ಇನ್ನೂ ಒಳ್ಳೆಯದು.

ಹೊರ ಊರಿನ ಆರ್ಡರ್ ಡಿಸೆಂಬರ್ 10ಕ್ಕೆ, ಊರಿನದ್ದು 15ಕ್ಕೆ ಬಂದ್. ಬಸ್ಸಿನ ಪಾರ್ಸೆಲ್ 18ರೊಳಗೆ ಹೋಗಲಿ. ಊರಿನ ಹಂಚಿಕೆ 21ರಿಂದ 23. 24ರ ಸಂಜೆ ಚರ್ಚ್ ರಸ್ತೆಗಳಲ್ಲಿ ಸ್ಕೂಟರೂ ನುಸುಳುವುದಿಲ್ಲ, ಅಂದು ಮಧ್ಯಾಹ್ನದ ಮೇಲೆ ಯಾರಿಗೂ ಮಾತು ಕೊಡಬೇಡಿ.

ಲೇಬಲ್, ಕಾಗದ

ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಆನ್‌ಲೈನಿನಲ್ಲಿ ಆಗುತ್ತದೆ. 14 ಅಂಕಿಯ ಆ ಸಂಖ್ಯೆ, ಸಾಮಗ್ರಿ, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ನಿಮ್ಮ ವಿಳಾಸ ಲೇಬಲ್ ಮೇಲಿರಲಿ. ವ್ಯಾಪಾರಕ್ಕೆ ಮನೆಯ 14.2 ಕಿಲೋ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರಿನ ಖರ್ಚನ್ನೂ ಅಸಲಿಗೆ ಹಾಕಿ.

ಮೊಟ್ಟೆಯ ವಿಚಾರದಲ್ಲಿ ಸಡಿಲ ಬೇಡ. ಮೊಟ್ಟೆ ಬಿದ್ದ ತಿಂಡಿ ನಿಯಮದ ಪ್ರಕಾರ ಮಾಂಸಾಹಾರವೇ, ಕಂದು ತ್ರಿಕೋನದ ಗುರುತು ಹಾಕಬೇಕು. ಉಡುಪಿ, ಮಣಿಪಾಲದಲ್ಲಿ ಮೊಟ್ಟೆಯಿಲ್ಲದ ಡಬ್ಬಿಗೆ ಕೇಳುವವರು ಬಹಳ. ರೋಸ್ ಕುಕ್ಕೀಸ್‌ಗೆ ಮೊಟ್ಟೆ ಬಿಟ್ಟು ತೆಂಗಿನಹಾಲು, ಅಕ್ಕಿಹಿಟ್ಟು ಹೆಚ್ಚಿಸಿದರೂ ಗರಿಗರಿ ಬರುತ್ತದೆ. ಮೊಟ್ಟೆಯಿಲ್ಲದ್ದನ್ನು ಹೊಸ ಎಣ್ಣೆಯಲ್ಲಿ ಬೆಳಿಗ್ಗೆಯೇ ಕರಿದು, ಪ್ಯಾಕ್ ಮಾಡಿ, ಮುಚ್ಚಿಟ್ಟ ಮೇಲೆ ಮೊಟ್ಟೆಯ ಹಿಟ್ಟು ಹೊರತೆಗೆಯಿರಿ.

26ರ ನಂತರ

ಹಬ್ಬಕ್ಕೆ ಬಂದ ಗಲ್ಫ್, ಮುಂಬೈಯವರು ಹಿಂದಿರುಗುವುದು ಜನವರಿ ಮೊದಲ ವಾರದೊಳಗೆ, ಬರಿಗೈಯಲ್ಲಂತೂ ಹೋಗುವುದಿಲ್ಲ. ಪೆಟ್ಟಿಗೆಯಲ್ಲಿ ಪುಡಿಯಾಗುವ ರೋಸ್ ಕುಕ್ಕೀಸ್ ಬಿಟ್ಟು ತುಕ್ಡಿ, ಕಿಡಿಯೋ, ಬಿಸ್ಕತ್ತಿನ ಒಂದು ಕಿಲೋ ಗಟ್ಟಿ ಡಬ್ಬಿ ಇವರಿಗೆ ಸರಿ. 27ಕ್ಕೇ ಹಳೇ ಗಿರಾಕಿಗಳಿಗೆ ಸಂದೇಶ ಹಾಕಿ: "ಮನೆಯಿಂದ ಹೊರಡುವವರು ಯಾರಾದರೂ ಇದ್ದಾರಾ, ಯಾವ ದಿನ?" ಹೊರಡುವ ದಿನ ಗೊತ್ತಾದರೆ ಅದರ ಹಿಂದಿನ ದಿನ ಕರಿದದ್ದನ್ನೇ ಕೊಡಬಹುದು.