ಕೆನಡಾದ ಗವರ್ನಮೆಂಟ್ ಹೌಸ್‌ಗಳು: ಒಂಟಾರಿಯೊದಲ್ಲಿ ರಾಜಭವನ ಏಕಿಲ್ಲ?

ಟೊರಾಂಟೊಗೆ ಬಂದು ನೆಲೆಸುವ ಕನ್ನಡಿಗರು ಬೆಂಗಳೂರಿನ ರಾಜಭವನದಂತಹ ಕಟ್ಟಡವೊಂದು ಇಲ್ಲಿಯೂ ಇರಬೇಕೆಂದು ಭಾವಿಸುವುದು ಸಹಜ. ಆದರೆ ಕೆನಡಾದಲ್ಲಿ ಅತಿ ಹೆಚ್ಚು ಜನರಿರುವ ಒಂಟಾರಿಯೊ ಪ್ರಾಂತ್ಯದ ರಾಜಪ್ರತಿನಿಧಿಗೆ, ಅಂದರೆ ಬ್ರಿಟನ್ನಿನಂತೆ ಕೆನಡಾಕ್ಕೂ ರಾಜನಾಗಿರುವವನ ಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್‌ಗೆ, ಗವರ್ನಮೆಂಟ್ ಹೌಸ್ ಎನ್ನುವ ಅಧಿಕೃತ ನಿವಾಸವೇ ಇಲ್ಲ. ಶಾಸನಸಭೆಯ ಕಟ್ಟಡವಾದ ಕ್ವೀನ್ಸ್ ಪಾರ್ಕ್‌ನಲ್ಲಿರುವ ಕೆಲವು ಕೋಣೆಗಳಲ್ಲೇ ಅವರ ಕಚೇರಿ ಮತ್ತು ಸತ್ಕಾರಗಳು ನಡೆಯುತ್ತವೆ.

ಇದು ಅರ್ಥವಾಗಬೇಕಾದರೆ ಮೊದಲು ಹುದ್ದೆಯ ಹೆಸರು ಹುಟ್ಟಿಸುವ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಭಾರತದಲ್ಲಿ ಲೆಫ್ಟಿನೆಂಟ್ ಗವರ್ನರ್ ಎಂದರೆ ದೆಹಲಿ, ಪುದುಚೇರಿಗಳಂತಹ ಕೇಂದ್ರಾಡಳಿತ ಪ್ರದೇಶಗಳ ಮುಖ್ಯಸ್ಥರು. ಕೆನಡಾದಲ್ಲಿ ಅದೇ ಹೆಸರಿನ ಹುದ್ದೆ ಹತ್ತೂ ಪ್ರಾಂತ್ಯಗಳಲ್ಲಿದ್ದು, ಸ್ಥಾನದಲ್ಲಿ ನಮ್ಮ ರಾಜ್ಯಪಾಲರಿಗೆ ಸಮನಾದುದು. ಉತ್ತರದ ಮೂರು ಪ್ರದೇಶಗಳಲ್ಲಿರುವ ಕಮಿಷನರ್‌ಗಳು ಮಾತ್ರ ರಾಜಧಾನಿ ಒಟ್ಟಾವಾದ ಕೇಂದ್ರ ಸರ್ಕಾರದ ಪ್ರತಿನಿಧಿಗಳೇ ಹೊರತು ರಾಜನ ಪ್ರತಿನಿಧಿಗಳಲ್ಲ. ಇಡೀ ದೇಶಕ್ಕೆ ರಾಜನ ಪ್ರತಿನಿಧಿಯಾದ ಗವರ್ನರ್ ಜನರಲ್ ಅವರನ್ನು ಪ್ರಧಾನಿಯ ಸಲಹೆಯಂತೆ ರಾಜನು ನೇಮಿಸುತ್ತಾನೆ. ಲೆಫ್ಟಿನೆಂಟ್ ಗವರ್ನರ್‌ಗಳನ್ನು ಅದೇ ಪ್ರಧಾನಿಯ ಸಲಹೆಯಂತೆ ಗವರ್ನರ್ ಜನರಲ್ ನೇಮಿಸುತ್ತಾರೆ. ಹೀಗೆ ನೇಮಕವೂ ಸಂಬಳವೂ ಒಟ್ಟಾವಾದಿಂದ ಬಂದರೂ ವಾಸದ ಮನೆಯನ್ನು ಒದಗಿಸುವುದು ಪ್ರಾಂತ್ಯದ ಖಜಾನೆಯ ಪಾಲಿಗೆ ಬಿದ್ದಿತು, ಮತ್ತು ಈ ಮನೆಗಳ ಇತಿಹಾಸದ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಯೇ.

ಅವುಗಳಲ್ಲಿ ನಮಗೆ ಹೆಚ್ಚು ಪರಿಚಿತವೆನಿಸುವುದು ಆಲ್ಬರ್ಟಾದ ಪ್ರಕರಣ. 1937ರಲ್ಲಿ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಜಾನ್ ಬೋವೆನ್, ಪ್ರೀಮಿಯರ್ (ಪ್ರಾಂತ್ಯದ ಮುಖ್ಯಮಂತ್ರಿ) ವಿಲಿಯಂ ಆಬರ್‌ಹಾರ್ಟ್ ಸರ್ಕಾರದ ಮೂರು ಮಸೂದೆಗಳಿಗೆ ಅಂಕಿತ ಹಾಕದೆ, ಅವುಗಳನ್ನು ಗವರ್ನರ್ ಜನರಲ್ ಅವರ ತೀರ್ಮಾನಕ್ಕೆ ಕಾಯ್ದಿರಿಸಿದರು. ಮಸೂದೆಗಳನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸುವ ರಾಜ್ಯಪಾಲರ ಬಗ್ಗೆ ಓದಿ ಬಲ್ಲ ನಮಗೆ ಇದರಲ್ಲಿ ಹೊಸತೇನೂ ಕಾಣದು. ಹೊಸತಿರುವುದು ಮರುವರ್ಷದ ಬೆಳವಣಿಗೆಯಲ್ಲಿ. 1938ರಲ್ಲಿ ಪ್ರಾಂತ್ಯ ಸರ್ಕಾರವು ಎಡ್ಮಂಟನ್‌ನ ಗವರ್ನಮೆಂಟ್ ಹೌಸನ್ನೇ ಮುಚ್ಚಿಸಿತು, ಮುಂದೆ ಅದರ ಪೀಠೋಪಕರಣಗಳು ಹರಾಜಾದವು. 1913ರಲ್ಲಿ ತೆರೆದಿದ್ದ ಆ ಕಟ್ಟಡ ಈಗ ಮತ್ತೆ ಪ್ರಾಂತ್ಯದ ಕೈಯಲ್ಲಿದ್ದು ಸರ್ಕಾರಿ ಸಭೆಗಳಿಗೆ ಬಳಕೆಯಾಗುತ್ತಿದೆಯಾದರೂ ಅಲ್ಲಿ ರಾಜಪ್ರತಿನಿಧಿ ವಾಸಿಸುವುದಿಲ್ಲ.

ಒಂಟಾರಿಯೊದಲ್ಲಿ ಕಾರಣ ಹಣ ಮತ್ತು ರಾಜಕೀಯ. ಟೊರಾಂಟೊದ ರೋಸ್‌ಡೇಲ್‌ನಲ್ಲಿ 1915ರ ಸುಮಾರಿಗೆ ಸಿದ್ಧವಾದ ಚೋರ್ಲಿ ಪಾರ್ಕ್ ಎಂಬ ಭವ್ಯ ಸೌಧವು ಆರ್ಥಿಕ ಕುಸಿತದ ವರ್ಷಗಳಲ್ಲಿ ದುಂದುವೆಚ್ಚದ ಗುರುತಾಗಿ ಕಂಡಿತು. ಅದನ್ನು ಮುಚ್ಚುವುದಾಗಿ ಹೇಳುತ್ತಲೇ ಬಂದಿದ್ದ ಪ್ರೀಮಿಯರ್ ಮಿಚೆಲ್ ಹೆಪ್‌ಬರ್ನ್ 1937ರಲ್ಲಿ ಮುಚ್ಚಿಯೇಬಿಟ್ಟರು. ಅನಂತರ ಸೈನಿಕ ಆಸ್ಪತ್ರೆಯಾಗಿಯೂ ಉಪಯೋಗವಾದ ಅದನ್ನು 1960ರ ದಶಕದ ಆರಂಭದಲ್ಲಿ ಕೆಡವಲಾಯಿತು. ಖರ್ಚಿನ ವಾದ ಸರಿಯೇ ಇದ್ದಿರಬಹುದು, ಆದರೆ ಕೆಡವಿದ್ದು ಅವಿವೇಕವೆಂದೇ ನನ್ನ ಅಭಿಪ್ರಾಯ. ಕ್ವಿಬೆಕ್‌ನ ನಿವಾಸವಾದ ಬುವಾ ದ ಕೂಲೋಂಜ್ ಹೋದದ್ದು ಬೆಂಕಿಯಿಂದ: 1966ರ ಫೆಬ್ರುವರಿಯ ಆ ಅವಘಡದಲ್ಲಿ ಲೆಫ್ಟಿನೆಂಟ್ ಗವರ್ನರ್ ಪಾಲ್ ಕೊಂಟ್ವಾ ಅವರೇ ತೀರಿಕೊಂಡರು. ನೋವಾ ಸ್ಕೋಷಿಯಾ ಪ್ರಾಂತ್ಯದ ರಾಜಧಾನಿ ಹ್ಯಾಲಿಫ್ಯಾಕ್ಸ್‌ನ ಗವರ್ನಮೆಂಟ್ ಹೌಸ್ ಮಾತ್ರ 1805ರಲ್ಲಿ ಗೃಹಪ್ರವೇಶವಾದಂದಿನ ರೂಪದಲ್ಲೇ ಬಹುಮಟ್ಟಿಗೆ ಉಳಿದುಕೊಂಡಿದೆ.

ಗವರ್ನರ್ ಜನರಲ್ ಅವರ ನಿವಾಸವಾದ ಒಟ್ಟಾವಾದ ರಿಡೋ ಹಾಲ್‌ಗೆ ಇಂತಹ ಕಂಟಕಗಳು ಎದುರಾಗಲಿಲ್ಲ. ರಿಡೋ ಕಾಲುವೆಯ ಕಾಮಗಾರಿಯಲ್ಲಿ ಸಂಪಾದಿಸಿದ ಕಲ್ಲುಕುಟಿಗ, ಗುತ್ತಿಗೆದಾರ ಥಾಮಸ್ ಮೆಕೇ ತನ್ನ ಸಂಸಾರಕ್ಕೆಂದು 1838ರಲ್ಲಿ ಕಟ್ಟಿಸಿದ ಮನೆಯಿದು. ಸರ್ಕಾರವು ಮೊದಲು ಬಾಡಿಗೆಗೆ ಪಡೆದು 1868ರಲ್ಲಿ 82,000 ಡಾಲರ್‌ಗೆ ಕೊಂಡಿತು. ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಡಫರಿನ್ ಇದಕ್ಕೆ ನೃತ್ಯಶಾಲೆಯನ್ನೂ, ಹಗಲು ಟೆನಿಸ್ ಆಡಿ ರಾತ್ರಿ ಪಟ್ಟೆಬಟ್ಟೆ ಇಳಿಬಿಟ್ಟು ಊಟ ಬಡಿಸಬಹುದಾಗಿದ್ದ ಟೆಂಟ್ ರೂಮನ್ನೂ ಸೇರಿಸಿದನು. ಡಫರಿನ್, ಲ್ಯಾನ್ಸ್‌ಡೌನ್, ಮಿಂಟೊ, ವಿಲಿಂಗ್ಡನ್ ಈ ನಾಲ್ವರೂ ಗವರ್ನರ್ ಜನರಲ್‌ಗಳಾಗಿ ರಿಡೋ ಹಾಲ್‌ನಲ್ಲಿ ಇದ್ದು, ಮುಂದೆ ಭಾರತದ ವೈಸರಾಯ್‌ಗಳಾದವರು. ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಯ ಹೆಸರಿನಲ್ಲಿರುವ ಮಿಂಟೊ 1898ರಿಂದ 1904ರವರೆಗೆ ಇದ್ದದ್ದು ಇದೇ ಮನೆಯಲ್ಲಿ. ಗವರ್ನರ್ ಜನರಲ್ ಅವರಿಗೆ ಎರಡನೆಯ ನಿವಾಸವಾಗಿ ಕ್ವಿಬೆಕ್ ನಗರದ ಕೋಟೆಯಾದ ಸಿಟಡೆಲ್ 1872ರಿಂದಲೂ ಇದೆ.

ನೋಡಲು ಹೋಗುವವರು ಬೆಂಗಳೂರಿನ ರಾಜಭವನದ ಗೇಟಿನ ಬಂದೋಬಸ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂಜರಿಯಬೇಕಿಲ್ಲ. ರಿಡೋ ಹಾಲ್‌ನ 79 ಎಕರೆ ಆವರಣಕ್ಕೆ ಸಾರ್ವಜನಿಕರಿಗೆ ಉಚಿತ ಪ್ರವೇಶವಿದೆ. ಒಳಗಿನ ಸಭಾಕೋಣೆಗಳನ್ನು ಮಾರ್ಗದರ್ಶಕರೊಡನೆ ನೋಡಬಹುದು, ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಅತಿಥಿ ರಾಷ್ಟ್ರನಾಯಕರು ನೆಟ್ಟ ಮರಗಳು ಆವರಣದಲ್ಲಿವೆ, ಅವುಗಳಲ್ಲಿ ಒಂದನ್ನು 1961ರಲ್ಲಿ ನೆಡುವಾಗ ಅಮೆರಿಕದ ಅಧ್ಯಕ್ಷ ಕೆನೆಡಿ ಬೆನ್ನು ಉಳುಕಿಸಿಕೊಂಡರು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾದ ಗವರ್ನಮೆಂಟ್ ಹೌಸ್ ಎರಡು ಬಾರಿ ಸುಟ್ಟು 1959ರಲ್ಲಿ ಮೂರನೆಯ ಬಾರಿಗೆ ತೆರೆದದ್ದು. ಅದರ ತೋಟಗಳೂ ಜನರಿಗೆ ಮುಕ್ತವಾಗಿವೆ. ಟೊರಾಂಟೊದವರಿಗೆ ಉಳಿದಿರುವುದು ಚೋರ್ಲಿ ಪಾರ್ಕ್‌ನ ಜಾಗ. ಅದೀಗ ಸೌಧದ ಹೆಸರನ್ನೇ ಹೊತ್ತಿರುವ ನಗರದ ಉದ್ಯಾನ.