ಹುಲ್ಲಿನ ಪೆಂಡಿ ಕಟ್ಟುವ ಯಂತ್ರ: ಕೊಟ್ಟಿಗೆಯ ಬಾಗಿಲಿನಿಂದ ಆಯ್ಕೆ ಶುರುವಾಗಲಿ

ಕಟಾವು ಯಂತ್ರ ಗದ್ದೆಗೆ ಇಳಿದರೆ ಭತ್ತ ಒಂದೇ ದಿನದಲ್ಲಿ ಚೀಲ ಸೇರುತ್ತದೆ. ಹುಲ್ಲು ಮಾತ್ರ ಗದ್ದೆಯಲ್ಲೇ ಉಳಿಯುತ್ತದೆ. ಕೈಯಲ್ಲಿ ಕೊಯ್ದು ಸೂಡಿ ಕಟ್ಟುತ್ತಿದ್ದ ಕಾಲದಲ್ಲಿ ಅದು ಉದ್ದಕ್ಕೆ, ನೇರವಾಗಿ ಗೊಣಬೆ ಸೇರುತ್ತಿತ್ತು. ಯಂತ್ರದಿಂದ ಬಿದ್ದ ಹುಲ್ಲು ಮುರಿದು ಮುದ್ದೆಯಾಗಿರುತ್ತದೆ. ಅದನ್ನು ಬಾಚಿ ಹೊರೆ ಕಟ್ಟಲು ಸಾಗರ, ಸೊರಬ, ತೀರ್ಥಹಳ್ಳಿಯ ಕಡೆ ಆಳು ಸಿಗುವುದು ಕಷ್ಟ. ಅಷ್ಟರಲ್ಲಿ ಒಂದು ಅಕಾಲದ ಮಳೆ ಬಿದ್ದರೆ ಮುಗಿಯಿತು. ಮನೆಯ ಗದ್ದೆಯಲ್ಲೇ ಹುಲ್ಲು ಕೊಳೆತು, ಮೇವಿಲ್ಲವೆಂದು ದನ ಮಾರಿದವರನ್ನು ನಾನು ಕಂಡಿದ್ದೇನೆ. ಆ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹುಲ್ಲನ್ನು ಉರುಳೆಯಂತೆ ಸುತ್ತಿ ದಾರ ಕಟ್ಟಿ ಹಿಂದಕ್ಕೆ ಉದುರಿಸುವ ಬೇಲರ್ ಈಗ ನಮ್ಮ ಕಡೆಗೂ ಬಂದಿದೆ. ಕೊಳ್ಳಲು ಹೋದವರು ಮೊದಲು ಕೇಳುವ ಪ್ರಶ್ನೆ, ಗಂಟೆಗೆ ಎಷ್ಟು ಪೆಂಡಿ ಎಂದು. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದದ್ದು. ಕೊಟ್ಟಿಗೆಯಿಂದ ಹೊರಟು ದಾರಿ, ಗದ್ದೆ, ಟ್ರ್ಯಾಕ್ಟರ್ ಎಲ್ಲವನ್ನೂ ನೋಡಿಕೊಂಡ ಮೇಲೆಯೇ ಯಂತ್ರದ ಬಳಿಗೆ ಹೋಗಬೇಕು.

ಮೊದಲು ಕೊಟ್ಟಿಗೆಯ ಲೆಕ್ಕ

ಹಸಿ ಮೇವಿನ ಜೊತೆಗೆ ಒಂದು ಹಸುವಿಗೆ ದಿನಕ್ಕೆ 5 ಕಿಲೋ ಒಣಹುಲ್ಲು ಎಂದು ಹಿಡಿಯಿರಿ. ನಾಲ್ಕು ಹಸುಗಳಿದ್ದರೆ 20 ಕಿಲೋ. ಸಣ್ಣ ಬೇಲರ್ ಕಟ್ಟುವ ಪೆಂಡಿಯ ತೂಕವೂ ಸುಮಾರು 15ರಿಂದ 25 ಕಿಲೋ. ಅಂದರೆ ಅಂಥ ಮನೆಗೆ ದಿನಕ್ಕೊಂದು ಪೆಂಡಿ, ವರ್ಷಕ್ಕೆ 365. ಪೆಂಡಿ 2 ಅಡಿ ದಪ್ಪ, 3 ಅಡಿ ಉದ್ದ ಇದ್ದರೆ ಒಂದಕ್ಕೆ 12 ಘನ ಅಡಿ ಜಾಗ ಬೇಕು. ಅಷ್ಟನ್ನೂ ಒಟ್ಟಲು 20 ಅಡಿ ಉದ್ದ, 20 ಅಡಿ ಅಗಲ, 11 ಅಡಿ ಎತ್ತರದ ಮನೆಯೇ ಬೇಕಾಗುತ್ತದೆ. ಟೇಪು ಹಿಡಿದು ಅಟ್ಟವನ್ನೂ ಬಾಗಿಲನ್ನೂ ಅಳೆಯಿರಿ. ಪೆಂಡಿಯನ್ನು ದಿನಾ ಎತ್ತುವವರು ಯಾರು ಎಂಬುದನ್ನೂ ಯೋಚಿಸಿ. ನಮ್ಮ ಕಡೆ ಬಹುತೇಕ ಮನೆಗಳಲ್ಲಿ ಅದು ಹೆಂಗಸರ ಪಾಲಿನ ಕೆಲಸ. ಅವರನ್ನು ಕೇಳದೆ ಪೆಂಡಿಯ ತೂಕ ನಿರ್ಧರಿಸಬಾರದು.

ಮೂರೂವರೆ, ನಾಲ್ಕು ಅಡಿ ದಪ್ಪದ ದೊಡ್ಡ ಉರುಳೆ ಕಟ್ಟುವ ಯಂತ್ರಗಳೂ ಇವೆ. ಅಂಥ ಉರುಳೆ ಕ್ವಿಂಟಲ್‌ಗಟ್ಟಲೆ ತೂಗುತ್ತದೆ. ಎತ್ತಲು ಟ್ರ್ಯಾಕ್ಟರಿನ ಮುಂದೆ ಲೋಡರ್ ಜೋಡಿಸಬೇಕು. ಮಲೆನಾಡಿನ ಸಣ್ಣ ಹಿಡುವಳಿಗೆ ಅದು ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ತೂಕವೊಂದೇ ಕಾರಣವಲ್ಲ. ಎರಡು ಕ್ವಿಂಟಲ್ ಉರುಳೆಯನ್ನು ಒಮ್ಮೆ ಬಿಚ್ಚಿದರೆ ನಾಲ್ಕು ಹಸುಗಳು ತಿಂದು ಮುಗಿಸಲು ಹತ್ತು ದಿನ ಬೇಕು. ಆಗುಂಬೆ, ಹೊಸನಗರದ ಆಷಾಢದ ಮಳೆಯಲ್ಲಿ ಬಿಚ್ಚಿದ ಹುಲ್ಲು ಅಷ್ಟು ದಿನ ತೇವ ಹಿಡಿಯದೆ ಉಳಿಯುವುದಿಲ್ಲ.

ದಾರಿ ಮತ್ತು ಗದ್ದೆ

ಎರಡನೆಯ ಅಳತೆ ಉಣುಗೋಲಿನದು, ಅಂದರೆ ಗಳ ಸರಿಸಿ ದಾಟುವ ಬೇಲಿಯ ಬಾಗಿಲಿನದು. ಬೇಲರ್ ಸಮೇತ ಟ್ರ್ಯಾಕ್ಟರ್ ಅಲ್ಲಿ ಹಾಯಬೇಕು, ತೋಟದ ಪಕ್ಕದ ತಿರುವಿನಲ್ಲಿ ಹೊರಳಬೇಕು. ಕೆಲವು ಬೇಲರ್‌ಗಳನ್ನು ನೇಗಿಲಿನಂತೆ ಟ್ರ್ಯಾಕ್ಟರಿನ ಹಿಂದೆ ಎತ್ತಿ ಕಟ್ಟಬಹುದು. ಕೆಲವು ಸ್ವಂತ ಚಕ್ರದ ಮೇಲೆ ಎಳೆಸಿಕೊಳ್ಳುತ್ತವೆ. ಭದ್ರಾ ಅಚ್ಚುಕಟ್ಟಿನ ಅಗಲ ಗದ್ದೆಗಳಲ್ಲಿ ಎರಡೂ ನಡೆಯುತ್ತವೆ. ಮೆಟ್ಟಿಲು ಮೆಟ್ಟಿಲಾದ ಮಕ್ಕಿ ಗದ್ದೆಯಲ್ಲಿ ಎತ್ತಿ ಕಟ್ಟುವಂಥದ್ದೇ ಅನುಕೂಲ. ಅಂಚು ದಾಟುವಾಗ ಮೇಲೆತ್ತಬಹುದು, ಸಣ್ಣ ಜಾಗದಲ್ಲಿ ತಿರುಗಿಸಬಹುದು. ಆದರೆ ಅದರ ಭಾರವೆಲ್ಲ ಟ್ರ್ಯಾಕ್ಟರಿನ ಹಿಂಗಾಲಿನ ಮೇಲೆ ಬೀಳುವುದರಿಂದ ಏರಿನಲ್ಲಿ ಮುಂಗಾಲು ಏಳುವ ಅಪಾಯವಿದೆ. ಮುಂದೆ ಭಾರ ಕಟ್ಟಿಕೊಳ್ಳಬೇಕು. ದುಂಡು ಪೆಂಡಿ ಉರುಳುತ್ತದೆ ಎಂಬುದನ್ನೂ ಮರೆಯಬಾರದು. ಇಳಿಜಾರಿನ ಕಡೆಗೆ ಬೇಲರಿನ ಬಾಗಿಲು ಮಾಡಿ ಉದುರಿಸಿದರೆ ಪೆಂಡಿ ಕೆಳಗಿನ ಗದ್ದೆಯ ನೀರಿನಲ್ಲಿರುತ್ತದೆ.

ತಗ್ಗಿನ ಬೈಲು ಗದ್ದೆಯ ಕಥೆ ಬೇರೆ. ಅಲ್ಲಿ ಡಿಸೆಂಬರಿನಲ್ಲೂ ಕಾಲು ಹೂಳುವ ಕೆಸರು ಇರುತ್ತದೆ. ಚೈನ್ ಕಟಾವು ಯಂತ್ರ ಅಲ್ಲಿ ಇಳಿಯುತ್ತದೆ, ಚಕ್ರದ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಅಂಥ ಗದ್ದೆಯೇ ಹೆಚ್ಚಿದ್ದರೆ ಬೇಲರಿನ ಆಸೆ ಬಿಟ್ಟು ಹುಲ್ಲನ್ನು ಮೇಲಕ್ಕೆ ಸಾಗಿಸುವ ಬೇರೆ ದಾರಿ ನೋಡುವುದು ಒಳ್ಳೆಯದು.

ಹುಲ್ಲು ಬೀಳುವ ರೀತಿ

ಬೇಲರ್ ಎತ್ತುವುದು ಸಾಲಾಗಿ ಬಿದ್ದ ಹುಲ್ಲನ್ನು. ಆದ್ದರಿಂದ ಕೊಯ್ಲಿನ ದಿನವೇ ಚಾಲಕನಿಗೆ ಎರಡು ಮಾತು ಹೇಳಿ: ಬುಡದ ಹತ್ತಿರ ಕೊಯ್ಯಲಿ, ಹುಲ್ಲು ಕತ್ತರಿಸುವ ಅಥವಾ ಚೆದುರಿಸುವ ಭಾಗವಿದ್ದರೆ ಅದನ್ನು ನಿಲ್ಲಿಸಲಿ. ಮೊಣಕಾಲೆತ್ತರದ ಕೂಳೆ ಬಿಟ್ಟರೆ ಅರ್ಧ ಮೇವು ಗದ್ದೆಗೇ ಹೋದಂತೆ. ಸಾಲು ಬೇಲರಿನ ಎತ್ತುವ ಹಲ್ಲುಗಳ ಅಗಲಕ್ಕಿಂತ ದೊಡ್ಡದಾದರೆ ಅಂಚಿನ ಹುಲ್ಲು ಉಳಿದುಬಿಡುತ್ತದೆ. ಅದನ್ನು ಒಟ್ಟುಮಾಡುವ ರೇಕ್ ಕೂಡ ಬೇಕೇ ಎಂದು ಮೊದಲೇ ಲೆಕ್ಕ ಹಾಕಿ.

ಟ್ರ್ಯಾಕ್ಟರ್, ದಾರ, ಹೊಟ್ಟೆ

ಸಣ್ಣ ಬೇಲರ್‌ಗೆ 35 ಅಶ್ವಶಕ್ತಿಯ ಆಸುಪಾಸಿನ ಟ್ರ್ಯಾಕ್ಟರ್ ಸಾಮಾನ್ಯವಾಗಿ ಸಾಕು. ಎಂಜಿನ್ನಿನ ಶಕ್ತಿಯನ್ನು ಬೇಲರಿಗೆ ದಾಟಿಸುವ ಹಿಂಬದಿಯ ತಿರುಗು ದಂಡ, ಅಂದರೆ ಪಿಟಿಒ, ನಿಮಿಷಕ್ಕೆ 540 ಸುತ್ತು ತಿರುಗುವಾಗ ಎಂಜಿನ್ ಉಸಿರುಗಟ್ಟಬಾರದು.

ಪೆಂಡಿ ಸುತ್ತುವ ಹೊಟ್ಟೆಯಲ್ಲಿ ಎರಡು ಬಗೆ. ತಿರುಗುವ ರೋಲರುಗಳಿಂದ ಕೂಡಿದ ಸ್ಥಿರ ಗಾತ್ರದ ಹೊಟ್ಟೆ ಒಂದು. ಬೆಲ್ಟುಗಳು ಹಿಗ್ಗುತ್ತ ಹೋಗಿ ಗಾತ್ರ ಬದಲಿಸಬಹುದಾದದ್ದು ಇನ್ನೊಂದು. ಮೊದಲನೆಯದರಲ್ಲಿ ಪೆಂಡಿಯ ನಡುವು ಸಡಿಲ, ಹೊರಮೈ ಬಿಗಿ. ಎರಡನೆಯದರಲ್ಲಿ ನಡುವಿನಿಂದಲೇ ಬಿಗಿ. ನಮ್ಮ ತೇವದ ಹವೆಗೆ ನಡುವು ಸಡಿಲವಿದ್ದು ಗಾಳಿಯಾಡುವುದೇ ವಾಸಿ. ಬಿಡಿಭಾಗವೂ ಕಡಿಮೆ, ರಿಪೇರಿಯೂ ಸುಲಭ. ಪೆಂಡಿಯ ಗಾತ್ರದ ಮಾತಿಗೆ ಬಂದರೆ, ಅಮೆರಿಕದಲ್ಲಿ 1947ರಿಂದ ತಯಾರಾದ ಆಲಿಸ್-ಚಾಮರ್ಸ್ ಕಂಪನಿಯ ರೋಟೊ-ಬೇಲರ್ ಕೂಡ ಒಬ್ಬ ರೈತ ಎತ್ತಬಲ್ಲ ಸಣ್ಣ ಪೆಂಡಿಯನ್ನೇ ಕಟ್ಟುತ್ತಿತ್ತು. ದೊಡ್ಡ ಉರುಳೆಯ ಕಾಲ ಬಂದದ್ದು 1970ರ ದಶಕದಲ್ಲಿ. ಸಣ್ಣದನ್ನು ಆರಿಸಿದವರು ಹಿಂದುಳಿದವರೆಂದು ಮಾರಾಟಗಾರರು ಹೇಳಿದರೆ ನಂಬಬೇಡಿ.

ದಾರದ ವಿಷಯದಲ್ಲಿ ನಾನು ಹಟವಾದಿ. ಸೆಣಬಿನ ದಾರ ಹಿಡಿಯುವ ಯಂತ್ರವನ್ನೇ ಕೇಳಿ. ಪ್ಲಾಸ್ಟಿಕ್ ದಾರ ಅಗ್ಗ, ಬೇಗ ಕಡಿಯುವುದಿಲ್ಲ. ಆದರೆ ಅದರ ತುಂಡು ಮೇವಿನೊಂದಿಗೆ ಹಸುವಿನ ಹೊಟ್ಟೆ ಸೇರಿದರೆ ಕರಗದೆ ಗಂಟಾಗಿ ಪ್ರಾಣಕ್ಕೇ ಕುತ್ತು. ಯಾವ ದಾರವಾದರೂ ಬಿಚ್ಚಿದ ಕೂಡಲೇ ಎಣಿಸಿ ಗೂಟಕ್ಕೆ ನೇತುಹಾಕುವ ಅಭ್ಯಾಸವಿರಲಿ.

ನಿಮ್ಮ ಗದ್ದೆಯಲ್ಲೇ ನಡೆಸಿ ನೋಡಿ

ಅಂಗಡಿಯ ಅಂಗಳದಲ್ಲಿ ತಿರುಗಿಸಿ ತೋರಿಸಿದ್ದನ್ನು ಪರೀಕ್ಷೆಯೆಂದು ಒಪ್ಪಬೇಡಿ. ನಿಮ್ಮ ಗದ್ದೆಯಲ್ಲಿ, ಇಬ್ಬನಿ ಆರಿದ ಮೇಲೆ, ಹನ್ನೊಂದು ಗಂಟೆಯ ಬಿಸಿಲಿಗೆ ಇಳಿಸಲು ಹೇಳಿ. ಹುಲ್ಲಿನ ಗಿಣ್ಣನ್ನು ಉಗುರಿನಿಂದ ಒತ್ತಿ ನೋಡಿ. ತೇವ ಜಿನುಗಿದರೆ ಕಟ್ಟಬಾರದು. ತೇವಾಂಶ ಶೇ 15ರ ಸುತ್ತಮುತ್ತ ಇದ್ದರೆ ಹುಲ್ಲು ಕೆಡದೆ ಉಳಿಯುತ್ತದೆ. ಹಸಿಯಾಗಿ ಒಟ್ಟಿದ ಪೆಂಡಿ ಒಳಗೊಳಗೇ ಕಾಯುತ್ತದೆ. ಕಾವು ವಿಪರೀತವಾದರೆ ಬೆಂಕಿ ಹತ್ತುವುದೂ ಉಂಟು. ಒಂದು ವರ್ಷ ಮೋಡ ನೋಡಿ ಅವಸರಪಟ್ಟು ನಾವು ಸಂಜೆಯ ತನಕ ಕಟ್ಟಿಸಿದೆವು. ಸಂಕ್ರಾಂತಿಯ ಹೊತ್ತಿಗೆ ಬಿಚ್ಚಿದರೆ ನಡುವೆಲ್ಲ ಬೂದು ಬೂಷ್ಟು. ಅರ್ಧದಷ್ಟು ತಿಪ್ಪೆಗೆ ಹಾಕಬೇಕಾಯಿತು.

ಪರೀಕ್ಷೆಯ ದಿನ ಹುಲ್ಲು ಸಿಕ್ಕಿಕೊಳ್ಳುವುದು ಖಂಡಿತ. ಆಗ ಅದನ್ನು ಬಿಡಿಸುವುದು ಎಷ್ಟು ಸುಲಭ, ಹೊರೆ ಹೆಚ್ಚಾದಾಗ ತಾನು ಮುರಿದು ಯಂತ್ರವನ್ನು ಉಳಿಸುವ ರಕ್ಷಕ ಬೋಲ್ಟ್ ತುಂಡಾದರೆ ಬದಲಿಸಲು ಎಷ್ಟು ಹೊತ್ತು, ಪಿಟಿಒ ದಂಡಕ್ಕೆ ಪೂರ್ತಿ ಹೊದಿಕೆ ಇದೆಯೇ ಎಂದು ಗಮನಿಸಿ. ಎಂಜಿನ್ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಳ್ಳದೆ ಯಾರೂ ಕೈ ಹಾಕಬಾರದು. ತಿರುಗುವ ಹಲ್ಲು ಹುಲ್ಲನ್ನು ಎಳೆಯುವ ವೇಗಕ್ಕೆ ಮನುಷ್ಯ ಕೈ ಬಿಡಿಸಿಕೊಳ್ಳಲಾರ. ಪಂಚೆ, ಸೀರೆಯ ಸೆರಗು, ತಲೆಗೆ ಸುತ್ತಿದ ಟವೆಲ್ ಯಾವುದೂ ಅದರ ಹತ್ತಿರ ಸುಳಿಯಬಾರದು.

ಕೊಳ್ಳುವುದೇ, ಬಾಡಿಗೆಗೆ ತರುವುದೇ

ಎರಡು ಮೂರು ಎಕರೆಯ ಮನೆಗೆ ಸ್ವಂತ ಬೇಲರ್ ಬೇಡ. ವರ್ಷದಲ್ಲಿ ಹತ್ತು ದಿನ ದುಡಿದು ಉಳಿದ ದಿನ ತುಕ್ಕು ಹಿಡಿಯುತ್ತದೆ. ಊರಿನ ಹತ್ತು ಮನೆ ಸೇರಿದರೆ, ಶುಂಠಿ ಪಟ್ಟೆಗೆ ಹೊದಿಸಲು ಹುಲ್ಲು ಕೊಳ್ಳುವವರೂ ಹತ್ತಿರವಿದ್ದರೆ, ಲೆಕ್ಕ ಬದಲಾಗುತ್ತದೆ. ಬಾಡಿಗೆಯವರೊಂದಿಗೆ ದರ ಮಾತಾಡುವಾಗ ದಾರದ ಖರ್ಚು ಅದರಲ್ಲಿ ಸೇರಿದೆಯೇ, ಬಿಚ್ಚಿಹೋದ ಪೆಂಡಿಗೂ ಹಣವೇ, ಎಣಿಕೆ ಯಂತ್ರದ ಮೀಟರಿನದೋ ಗದ್ದೆಯಲ್ಲಿ ಕಂಡದ್ದೋ ಎಂದು ಬಾಯಿಬಿಟ್ಟು ಕೇಳಿ.

ಕೊಳ್ಳುವವರು ಮುಂಗಡ ಕೊಡುವ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಆ ವರ್ಷದ ಸಹಾಯಧನದ ಪಟ್ಟಿಯಲ್ಲಿ ನೀವು ನೋಡಿದ ಮಾದರಿಯೇ ಇದೆಯೇ ಎಂದು ವಿಚಾರಿಸಿ. ಮಧ್ಯಪ್ರದೇಶದ ಬುದ್ನಿ, ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಂಥ ಕೇಂದ್ರ ಸರ್ಕಾರದ ಸಂಸ್ಥೆಗಳು ಕೃಷಿ ಯಂತ್ರಗಳನ್ನು ಪರೀಕ್ಷಿಸಿ ವರದಿ ಕೊಡುತ್ತವೆ. ಆ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆದು, ಬೇಕಾದ ಶಕ್ತಿಯ ಅಂಕಿಯನ್ನು ಅವರ ಕರಪತ್ರದ ಅಂಕಿಯೊಂದಿಗೆ ಹೋಲಿಸಿ. ಚೈನು, ಬೇರಿಂಗು, ಎತ್ತುವ ಹಲ್ಲು, ದಾರ ಕತ್ತರಿಸುವ ಚೂರಿ ಶಿವಮೊಗ್ಗದಲ್ಲೇ ಸಿಗುತ್ತವೆಯೇ ಎಂದು ಅಂಗಡಿಗೆ ಹೋಗಿ ಕಣ್ಣಾರೆ ನೋಡಿ ಬನ್ನಿ.

ಪರೀಕ್ಷೆಗೆ ಕಟ್ಟಿಸಿದ ಪೆಂಡಿಗಳಲ್ಲಿ ಎರಡನ್ನು ಅಟ್ಟದ ಮೇಲಿಡಿ. ಹದಿನೈದು ದಿನ ಬಿಟ್ಟು ಬಿಚ್ಚಿ, ನಡುವಿಗೆ ಕೈ ತೂರಿಸಿ, ಬಿಸಿಯಿದೆಯೇ ನೋಡಿ, ಮೂಸಿ, ಒಂದು ಹಿಡಿ ಹಸುವಿನ ಮುಂದೆ ಹಾಕಿ. ಮುಂಗಡದ ಮಾತು ಆಮೇಲೆ.