ಹಳೆಯ ಫ್ರಿಜ್ ಮತ್ತೊಂದು ಮನೆ ಸೇರಬಾರದು: ರಾಯಚೂರಿನಲ್ಲಿ ಯೋಜನೆ ರೂಪಿಸಿದ ನನ್ನ ಅನುಭವ

ರಾಯಚೂರು ಜಿಲ್ಲೆಯ ಮನೆಗಳಲ್ಲಿ ಹೆಚ್ಚು ವಿದ್ಯುತ್ ನುಂಗುವ ಹಳೆಯ ಫ್ರಿಜ್‌ಗಳನ್ನು ಹಿಂಪಡೆದು ಒಡೆಸುವ ಪ್ರಾಯೋಗಿಕ ಯೋಜನೆಯನ್ನು ರೂಪಿಸುವ ಹೊಣೆ, ವಿದ್ಯುತ್ ವಿತರಣೆಯ ಎಂಜಿನಿಯರನಾದ ನನ್ನ ಪಾಲಿಗೆ ಬಂದಿತ್ತು. ಹೊಸ ಫ್ರಿಜ್‌ಗೆ ಎಷ್ಟು ರಿಯಾಯಿತಿ ಕೊಡಬೇಕೆಂಬ ಚರ್ಚೆಯೇ ಕಚೇರಿಯಲ್ಲಿ ನಡೆದಿತ್ತು. ಆದರೆ ಸಿಂಧನೂರು, ಮಾನ್ವಿಗಳ ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ನೋಡಿ ಬಂದ ಮೇಲೆ, ಜನ ಬಿಟ್ಟುಕೊಟ್ಟ ಹಳೆಯ ಫ್ರಿಜ್ ಎಲ್ಲಿಗೆ ಹೋಗುತ್ತದೆ ಎಂಬುದೇ ಇಡೀ ಯೋಜನೆಯ ತಿರುಳು ಎಂದು ನನಗೆ ಖಚಿತವಾಯಿತು.

ಇನ್ನೂ ತಂಪು ಕೊಡುವ ಫ್ರಿಜ್ ನಮ್ಮಲ್ಲಿ ಗುಜರಿಗೆ ಹೋಗುವುದಿಲ್ಲ. ಎಕ್ಸ್‌ಚೇಂಜ್‌ನಲ್ಲಿ ಕೊಟ್ಟದ್ದು ಗ್ಯಾಸ್ ತುಂಬಿಸಿಕೊಂಡು, ಬಾಗಿಲಿನ ರಬ್ಬರ್ ಬದಲಾಯಿಸಿಕೊಂಡು, ಯಾವುದೋ ಕಿರಾಣಿ ಅಂಗಡಿಯನ್ನೋ ಬಾಡಿಗೆ ಮನೆಯನ್ನೋ ಸೇರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅಂಥ ಫ್ರಿಜ್‌ನ ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ. ಹೀಗಾಗಿ ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆ ಇಳಿಯುವ ಬದಲು ಹೊಸ ಫ್ರಿಜ್‌ನಷ್ಟು ಏರುತ್ತದೆ. ಆದ್ದರಿಂದ ಹಣ ಕೊಡಬೇಕಾದದ್ದು ಹೊಸದನ್ನು ಕೊಂಡದ್ದಕ್ಕಲ್ಲ, ಹಳೆಯದನ್ನು ಒಡೆಯಲು ಒಪ್ಪಿಸಿದ್ದಕ್ಕೆ ಎಂದು ಕರಡಿನಲ್ಲಿ ಬರೆದೆ. ಕೆಟ್ಟು ಮೂಲೆ ಸೇರಿದ ಫ್ರಿಜ್‌ನಿಂದ ಒಂದು ಯೂನಿಟ್ಟೂ ಉಳಿಯುವುದಿಲ್ಲವಾದ್ದರಿಂದ, ಮನೆಯಲ್ಲೇ ಚಾಲೂ ಮಾಡಿ ತಂಪಾಗುವುದನ್ನು ನೋಡಿದ ಮೇಲೆಯೇ ಸ್ವೀಕರಿಸಬೇಕೆಂಬ ಷರತ್ತನ್ನೂ ಸೇರಿಸಿದೆ.

"ನಡೀತದಲ್ರೀ ಸರ್, ಮತ್ಯಾಕ ಕೊಡಬೇಕು?" ಎಂದು ಒಬ್ಬ ಗೃಹಿಣಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಡಿ ಶೂನ್ಯ ಬಿಲ್ ಪಡೆಯುವ ಮನೆಗೆ ಉಳಿತಾಯದ ಲಾಭ ನೇರವಾಗಿ ಕಾಣುವುದಿಲ್ಲ. ಆ ಯೂನಿಟ್‌ಗಳ ಹಣ ತುಂಬುವುದು ಸರ್ಕಾರ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಬೇಸಿಗೆಯಲ್ಲಿ ಈ ಗೆರೆಯ ಆಚೀಚೆ ತೂಗಾಡುವ ಮನೆಗಳಿಗೆ ಹಳೆಯ ಫ್ರಿಜ್ ಹೋಗುವುದು ದೊಡ್ಡ ಸಮಾಧಾನ. ಮೊದಲ ಆದ್ಯತೆ ಅವರಿಗೇ ಸಲ್ಲಬೇಕೆಂದು ವಾದಿಸಿದೆ, ಈಗಲೂ ನನ್ನ ಅಭಿಪ್ರಾಯ ಅದೇ.

ಅಂಗಡಿಯವರನ್ನೂ ರಿಪೇರಿ ಮೆಕ್ಯಾನಿಕ್‌ಗಳನ್ನೂ ದೂರವಿಟ್ಟರೆ ಯೋಜನೆ ನಡೆಯದು. ಮರುಮಾರಾಟದಲ್ಲಿ ಅವರಿಗೆ ಸಿಗುವಷ್ಟಾದರೂ ಪ್ರತಿ ಫ್ರಿಜ್‌ಗೆ ಕಮಿಷನ್ ಕೊಡಬೇಕೆಂದು ಸೂಚಿಸಿದಾಗ ಕೆಲವರು ಹುಬ್ಬೇರಿಸಿದರು, ಆದರೆ ಊರಿನ ಹಳೆಯ ಫ್ರಿಜ್‌ಗಳ ಸುಳಿವು ಇರುವುದು ಅವರ ಬಳಿಯೇ.

ಒಡೆಯುವ ಕೆಲಸ ಇಲ್ಲಿ ಆಗುವಂಥದ್ದಲ್ಲ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆ ಘಟಕದಲ್ಲೇ ನಡೆಯಬೇಕು. ಇಷ್ಟು ಇ-ತ್ಯಾಜ್ಯ ಮರುಬಳಕೆಯಾಗಿದೆ ಎಂದು ತೋರಿಸುವ, ಅಂಥ ಘಟಕದಿಂದ ಸಿಗುವ ಪ್ರಮಾಣಪತ್ರಗಳನ್ನು ಫ್ರಿಜ್ ತಯಾರಕರು ಕೊಳ್ಳಬೇಕಿರುವುದರಿಂದ, ಸಾಗಣೆ ವೆಚ್ಚದ ಒಂದು ಪಾಲನ್ನು ಘಟಕದವರಿಂದಲೇ ಕೇಳುವುದು ಸಾಧ್ಯ. ಫ್ರಿಜ್‌ಗಳನ್ನು ಅಲ್ಲಿಗೆ ಸಾಗಿಸಬೇಕಿರುವುದರಿಂದ, ಲಾರಿ ತುಂಬುವವರೆಗೆ ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿ ಕೂಡಿಡಲು ಜಾಗವನ್ನು ಯೋಜನೆಯಲ್ಲೇ ಸೇರಿಸಿದೆ.

ಗ್ಯಾಸ್ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪಲಿಲ್ಲ. ಹಳೆಯ ಫ್ರಿಜ್‌ಗಳಲ್ಲಿರುವ ಆರ್-134ಎ ಎಂಬ ತಂಪುಕಾರಕ ಗ್ಯಾಸ್, ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲದು. ಈಚಿನವುಗಳಲ್ಲಿರುವ ಆರ್-600ಎ ಬೆಂಕಿ ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಮನೆಯಲ್ಲೇ ಹಿಂಬದಿಯ ಫಲಕ ಓದಿ ಗ್ಯಾಸಿನ ಹೆಸರನ್ನೂ ಸೀರಿಯಲ್ ನಂಬರನ್ನೂ ರಸೀದಿಯಲ್ಲಿ ಬರೆಯಬೇಕು, ಮನೆಯವರ ಎದುರಿಗೇ ಪ್ಲಗ್ಗಿನ ವೈರ್ ಕತ್ತರಿಸಿ ಥರ್ಮೋಸ್ಟಾಟ್ ಕಿತ್ತುಹಾಕಬೇಕು, ಗ್ಯಾಸ್ ಸೋರದಂತೆ ತಾಮ್ರದ ಕೊಳವೆಯನ್ನು ಮಾತ್ರ ಯಾರೂ ಮುಟ್ಟಬಾರದು. ಅದೇ ಸೀರಿಯಲ್ ನಂಬರ್ ಘಟಕದ ಪಟ್ಟಿಯಲ್ಲಿ ಬಂದ ಮೇಲೆಯೇ ಸಾಗಣೆದಾರನ ಬಿಲ್ ಪಾಸಾಗುವಂತೆ ಕೊನೆಯ ಕಲಮನ್ನು ಬರೆದೆ.